ಸೊಪ್ಪಿನಮ್ಮನ ಹಕಾರ

ಮೊನ್ನೆ ಬೆಳಿಗ್ಗೆ ಫ್ರಿಜ್ಜಿನ ಬಾಗಿಲು ತೆಗೆದರೆ ಸಬ್ಬಸಿಗೆ ಸೊಪ್ಪಿನ ವಾಸನೆ ಮುಖಕ್ಕೆ ಬಡಿಯಿತು. ಸೊಸೆ ಹಿಂದಿನ ಸಂಜೆ ತಂದಿಟ್ಟು, ಕವರಿನ ಬಾಯಿ ಕಟ್ಟುವುದನ್ನು ಮರೆತಿದ್ದಳು. ಹಾಲು, ಮೊಸರು, ಹೆಚ್ಚಿಟ್ಟ ಪಪ್ಪಾಯಿ, ಎಲ್ಲಕ್ಕೂ ಅದೇ ವಾಸನೆ. ಬೇರೆ ದಿನವಾಗಿದ್ದರೆ ಗೊಣಗುತ್ತಿದ್ದೆ. ಗೊಣಗುವುದರಲ್ಲಿ ನನ್ನದು ಎತ್ತಿದ ಕೈ. ಅವತ್ತು ಮಾತ್ರ ಕವರು ಹಿಡಿದುಕೊಂಡು ಅಡುಗೆಮನೆಯಲ್ಲಿ ಸುಮ್ಮನೆ ನಿಂತುಬಿಟ್ಟೆ. ನಾನು ಕಲಿತ ಮೊದಲ ಕನ್ನಡದ ಮಾತು ಸಬ್ಬಸಿಗೆ. ನಮಸ್ಕಾರ, ಚೆನ್ನಾಗಿದ್ದೀರಾ, ಊಟ ಆಯ್ತಾ ಎಲ್ಲ ಆಮೇಲೆ ಬಂದವು.

ನಾನು ತಂಜಾವೂರಿನ ಕಡೆಯವಳು. ಎಪ್ಪತ್ತೈದರಲ್ಲಿ ಮದುವೆಯಾಗಿ ಜಯನಗರ ಒಂಬತ್ತನೇ ಬ್ಲಾಕಿನ ಮನೆಗೆ ಬಂದಾಗ ನನಗೆ ಇಪ್ಪತ್ತೊಂದು ವರ್ಷ. ಅತ್ತೆ ಮನೆಯವರೂ ತಮಿಳಿನವರೇ, ಆದರೆ ಎರಡು ತಲೆಮಾರಿನಿಂದ ಬೆಂಗಳೂರಿನಲ್ಲಿದ್ದವರು. ಗೇಟಿನ ಹೊರಗೆ ಕನ್ನಡ, ಒಳಗೆ ತಮಿಳು. ನನಗೆ ಒಳಗಿನದು ಮಾತ್ರ ಬರುತ್ತಿತ್ತು. ಹೊರಗಿನದನ್ನೂ ಕಲಿಯೋಣ ಎಂದರೆ ಬೆಂಗಳೂರಿನ ಜನ ಬಿಡಬೇಕಲ್ಲ! ಕಿರಾಣಿ ಅಂಗಡಿಯಲ್ಲಿ ನಾನು ಬಾಯಿ ತೆರೆದು ಒಂದು ಕನ್ನಡ ಪದಕ್ಕೆ ತಡಕಾಡುವಷ್ಟರಲ್ಲಿ ಅಂಗಡಿಯವರು 'ಎನ್ನಮ್ಮಾ ವೇಣುಂ?' ಎಂದು ತಮಿಳಿಗೆ ಇಳಿದಿರುತ್ತಿದ್ದರು. ಪಕ್ಕದ ಮನೆಯವರು, ಬಸ್ಸಿನ ಕಂಡಕ್ಟರು, ಹೂವಿನವಳು, ಎಲ್ಲರೂ ಅಷ್ಟೇ. ಇಂಥ ಉಪಕಾರಿಗಳ ನಡುವೆ ಯಾರಾದರೂ ಭಾಷೆ ಕಲಿಯುವುದುಂಟೆ? ನಾಲ್ಕು ಜನ ಸೇರಿ ನಗುವ ಕಡೆ, ಯಾಕೆ ನಗುತ್ತಿದ್ದಾರೆಂದು ತಿಳಿಯದೆ ನಾನೂ ಹಲ್ಲು ಬಿಟ್ಟುಕೊಂಡು ನಿಲ್ಲುತ್ತಿದ್ದೆ. ಊರಲ್ಲಿ ನಾನು ವಾಚಾಳಿ ಎಂದು ಹೆಸರಾದವಳು. ಇಲ್ಲಿ ಮೂಗಿಯಾಗಿದ್ದೆ.

ನನಗೆ ತಮಿಳಿನಲ್ಲಿ ಉತ್ತರ ಕೊಡದವಳು ಒಬ್ಬಳೇ. ಬೆಳಿಗ್ಗೆ ಸೊಪ್ಪು ಹೊತ್ತು ತರುತ್ತಿದ್ದ ಸೊಪ್ಪಿನಮ್ಮ. ಪುಟ್ಟೇನಹಳ್ಳಿಯಿಂದ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ನಡೆದು ಬರುತ್ತಿದ್ದಳು. ಅಲ್ಲಿ ಕೆರೆಯ ಹಿಂದೆ ಅವರದು ಸ್ವಲ್ಪ ಜಮೀನಿತ್ತು. ಐವತ್ತರ ಆಸುಪಾಸಿನ ವಯಸ್ಸು, ಗಟ್ಟಿ ಆಳು, ಮೈಲಿ ದೂರ ಕೇಳಿಸುವ ಗಂಟಲು. 'ಸೊಪ್ಪೋ... ಅರಿವೇ ಸೊಪ್ಪೋ... ಒನಗೊನ್ನೇ... ಸಬ್ಸಿಗೇ...' ಎಂದು ತಿರುವಿನಲ್ಲಿ ಕೂಗಿದರೆ ನಮ್ಮತ್ತೆ ಮೊರ ಹುಡುಕಲು ಶುರು ಮಾಡುತ್ತಿದ್ದರು. ಅವಳಿಗೆ ಕನ್ನಡ ಬಿಟ್ಟು ಇನ್ನೊಂದು ಭಾಷೆ ಬರುತ್ತಿರಲಿಲ್ಲ. ಮೊದಲ ದಿನ ನಾನು ತಮಿಳಿನಲ್ಲಿ ಏನೋ ಕೇಳಿದಾಗ, ತಲೆಯ ಮೇಲಿನ ಬಟ್ಟೆಯ ಸಿಂಬಿ ತೆಗೆದು ಮೆಟ್ಟಿಲ ಮೇಲೆ ಕೂತುಕೊಂಡು, 'ಅದೆಲ್ಲ ನಂಗ್ ಬರಾಕಿಲ್ಲ ಕಣವ್ವಾ. ನೀನೇ ಕಲ್ತ್ಕೋ' ಎಂದಳು. ಆ ಮಾತೂ ನನಗೆ ಅರ್ಥವಾಗಲಿಲ್ಲ. ಒಳಗಿನಿಂದ ಅತ್ತೆ ನಗುತ್ತಾ ತಮಿಳಿನಲ್ಲಿ ಹೇಳಿದರು.

ಎಲ್ಲರನ್ನೂ ಅವಳು ನೀನು ಎಂದೇ ಕರೆಯುತ್ತಿದ್ದಳು. ರಿಟೈರಾಗಿ ಮನೆಯಲ್ಲಿದ್ದ ನಮ್ಮ ಮಾವನವರನ್ನೂ 'ಏನಪ್ಪಾ, ಕಾಪಿ ಕುಡಿದ್ಯಾ?' ಎಂದು ಕೇಳುವಳು. ಒಮ್ಮೆ ಅತ್ತೆ ಆಕ್ಷೇಪಿಸಿದ್ದಕ್ಕೆ, 'ದ್ಯಾವ್ರಿಗೇ ನೀನು ಅಂತೀವಿ, ಈವಪ್ಪಂಗೇನು?' ಎಂದುಬಿಟ್ಟಳು. ಮಾವನವರು ಖುಷಿಯಾಗಿ ಆ ದಿನ ಎರಡು ಕಟ್ಟು ಹೆಚ್ಚು ತೆಗೆದುಕೊಂಡರು. ಆಗ ಮನೆಯವರೆಲ್ಲ ಅವಳನ್ನು ಅವಳು ಎಂದೇ ಹೇಳುತ್ತಿದ್ದೆವು. ಈಗ ಬರೆಯುವಾಗ ಅವರು ಎಂದು ಬದಲಾಯಿಸಿದರೆ ಬೇರೆ ಯಾರೋ ಆಗಿಬಿಡುತ್ತಾಳೆ.

ಮೊದಲ ಎಡವಟ್ಟು ಕೀರೆಯದು. ತಮಿಳಿನಲ್ಲಿ ಯಾವ ಸೊಪ್ಪಾದರೂ ಕೀರೈ. ನಾನು ಬಾಗಿಲಿಗೆ ಹೋಗಿ 'ಕೀರೆ, ಕೀರೆ' ಎಂದೆ. ಕನ್ನಡದಲ್ಲಿ ಕೀರೆ ಎಂದರೆ ಒಂದೇ ಒಂದು ಸೊಪ್ಪು ಎಂದು ನನಗೇನು ಗೊತ್ತು? ಪಾಪ, ಅವಳು ತಂದುಕೊಟ್ಟಳು. ಮರುದಿನವೂ ತಂದಳು. ಅತ್ತೆ ಮೊಣಕಾಲು ನೋವೆಂದು ಬಾಗಿಲಿಗೆ ಬರುತ್ತಿರಲಿಲ್ಲವಾದ್ದರಿಂದ ಹದಿನೈದು ದಿನ ನಮ್ಮ ಮನೆಯಲ್ಲಿ ಕೀರೆ ಸಾರು, ಕೀರೆ ಪಲ್ಯ, ಕೀರೆ ಮಸ್ಸೊಪ್ಪು. ನಮ್ಮವರು ಫ್ಯಾಕ್ಟರಿಯಿಂದ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ನೀರು ಕುಡಿದು ಹೋಗುತ್ತಿದ್ದರು. ಕೊನೆಗೆ ವಿಷಯ ಬಯಲಾದಾಗ ಸೊಪ್ಪಿನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಬೆಂಗಳೂರಿಗೆ ಬಂದ ಮೇಲೆ ಕಾರಣ ಗೊತ್ತಿದ್ದು ನಕ್ಕಿದ್ದು ಅದೇ ಮೊದಲು.

ಅಂದಿನಿಂದ ಒಂದು ಕರಾರು ಹಾಕಿದಳು. ಸೊಪ್ಪಿನ ಹೆಸರು ಹೇಳುವ ತನಕ ಮೊರಕ್ಕೆ ಹಾಕುವುದಿಲ್ಲ. ಬುಟ್ಟಿಯಿಂದ ಒಂದು ಕಟ್ಟು ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು. ಆ ವಾಸನೆಯನ್ನು ನಾನು ಹುಟ್ಟಿದಾರಭ್ಯ ಮೂಸಿರಲಿಲ್ಲ. ನಮ್ಮೂರ ಕಡೆ ಅದನ್ನು ಯಾರೂ ತಿನ್ನುತ್ತಿರಲಿಲ್ಲ. 'ಸಬ್ಸಿಗೆ' ಎಂದಳು. 'ಸಪ್ಸಿಕೆ' ಎಂದೆ. 'ಊಂ, ಸಬ್ಸಿಗೆ' ಎಂದು ಮೊರಕ್ಕೆ ಹಾಕಿದಳು.

ಅವಳ ಪಾಠದ ರೀತಿಯೇ ಅದು. ಒಂದು ದಿನವೂ ತಪ್ಪು ಎನ್ನಲಿಲ್ಲ. ನಾನು ಏನೋ ಅಡ್ಡಾದಿಡ್ಡಿ ಹೇಳಿದರೆ, ಅದನ್ನೇ ನೆಟ್ಟಗೆ ಮಾಡಿ, ಮಾತಿಗೆ ಮಾತು ಸೇರಿಸುವ ಹಾಗೆ ತಿರುಗಿ ಹೇಳುವಳು. 'ನೆನ್ನೆ ಅನ್ನ ತಿಂತೀನಿ' ಎಂದರೆ 'ಓ, ನೆನ್ನೆ ಉಂಡ್ಯಾ? ಏನ್ ಸಾರು?' ಎನ್ನುವಳು. ದಿನಾ ಕೂತ ತಕ್ಷಣ ತನ್ನ ಬೆಳಗಿನ ವರದಿ ಒಪ್ಪಿಸುವಳು. 'ಒತ್ತಾರೆ ಎದ್ದೆ, ಸೊಪ್ ಕಿತ್ತೆ, ಕಟ್ ಕಟ್ಟಿದೆ, ಒತ್ಕಂಡ್ ಬಂದೆ. ನೀನು?' ಆಗ ನಾನು ನನ್ನದನ್ನು ಒಪ್ಪಿಸಬೇಕು. 'ಒತ್ತಾರೆ ಎದ್ದೆ, ಕಾಪಿ ಮಾಡ್ದೆ, ಬಟ್ಟೆ ಒಗ್ದೆ...' ಒಂದು ಚೊಂಬು ನೀರು ಕುಡಿದು, ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು, ಕಾಲು ಗಂಟೆ ಇರಬಹುದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುವ ಗಾದೆ ಕಲಿಸಿದ್ದೂ ಅವಳೇ. ಎರಡು ವರ್ಷದಲ್ಲಿ ನಾನು ಕನಸಿನಲ್ಲೂ ಕನ್ನಡ ಮಾತಾಡತೊಡಗಿದೆ ಎಂದು ನಮ್ಮವರು ಹೇಳುತ್ತಿದ್ದರು.

ಆದರೆ ಅದು ಪುಟ್ಟೇನಹಳ್ಳಿಯ ಕನ್ನಡ. ಅಲ್ಲಿ ಹಕಾರಕ್ಕೆ ಜಾಗವಿಲ್ಲ. ಹಸು ಅಸು, ಹಾಲು ಆಲು, ಹೂವು ಊವ. ನನ್ನ ತಮಿಳು ನಾಲಿಗೆಗೂ ಹಕಾರದ ಅಭ್ಯಾಸವಿರಲಿಲ್ಲ. ಹಾಗಾಗಿ ಅವಳ ಕನ್ನಡ ನನಗೆ ಹೊಲಿಸಿದ ರವಿಕೆಯ ಹಾಗೆ ಹೊಂದಿಕೊಂಡಿತು. ಅಕ್ಷರಗಳನ್ನು ಮಾವನವರು ದಿನಪತ್ರಿಕೆ ಇಟ್ಟುಕೊಂಡು ಕಲಿಸಿದರು. ಓದುವಾಗ ಕಣ್ಣು ಹಕಾರವನ್ನು ಕಂಡರೂ ನಾಲಿಗೆ ಅದನ್ನು ದಾಟಿಕೊಂಡು ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಯಾರ ಕಿವಿಗೂ ಅದು ದೊಡ್ಡ ವಿಷಯವಾಗಿ ಕಾಣಲಿಲ್ಲ.

ಎಪ್ಪತ್ತೆಂಟರ ಬೇಸಿಗೆಯಲ್ಲಿ, ನಾಲ್ಕು ರಸ್ತೆ ಆಚೆಗಿದ್ದ ಒಂದು ಶಿಶುವಿಹಾರಕ್ಕೆ ಟೀಚರ್ ಬೇಕು ಎಂದು ಸುದ್ದಿ ಬಂತು. ನನಗೆ ಆ ಕೆಲಸ ಎಷ್ಟು ಬೇಕಾಗಿತ್ತು ಎಂದರೆ, ಮೂರು ದಿನ ಊಟ ಸೇರಲಿಲ್ಲ. ಮದುವೆಯಾಗಿ ಮೂರು ವರ್ಷ, ಮಕ್ಕಳಾಗಿರಲಿಲ್ಲ. ಬೆಳಿಗ್ಗೆ ಸೊಪ್ಪಿನಮ್ಮ ಎದ್ದು ಹೋದ ಮೇಲೆ ಸಂಜೆಯವರೆಗೆ ಒಲೆ, ಬಾವಿ, ಅತ್ತೆಯ ಮೊಣಕಾಲು. ಅತ್ತೆ ಒಪ್ಪುತ್ತಾರೋ ಇಲ್ಲವೋ ಎಂಬ ಹೆದರಿಕೆ ಬೇರೆ. ಅವರು ಒಪ್ಪಿದರು. ವಿಷಯ ಹೇಳಿದಾಗ ಸೊಪ್ಪಿನಮ್ಮ ನನ್ನ ಗಲ್ಲ ಹಿಡಿದು, 'ಓಗ್ಬಾ ಕೂಸೇ. ನಿನ್ ಬಾಯ್ಗೆ ಇಸ್ಕೂಲೇ ಸರಿ' ಎಂದಳು.

ಇಂಟರ್‌ವ್ಯೂಗೆ ಹೋದಾಗ ಮೂವರು ಹೆಂಗಸರು ಮೇಜಿನ ಹಿಂದೆ ಕೂತಿದ್ದರು. ನಡುವಿನವರು ಹೆಡ್‌ಮಿಸ್ಟ್ರೆಸ್. ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ತೋರಿಸಿ, ಮಕ್ಕಳಿಗೆ ಹೇಳಿಕೊಡುವ ಹಾಗೆ ಹೇಳಿ ಎಂದರು. ನಾನು ಧೈರ್ಯವಾಗಿ, ಗಟ್ಟಿಯಾಗಿ, 'ಇದು ಅಸು. ಅಸು ನಮ್ಗೆ ಆಲು ಕೊಡ್ತದೆ' ಎಂದೆ. 'ಆಲೂಗಡ್ಡೆ ಕೊಡುತ್ತಾ?' ಎಂದರು ಎಡಗಡೆ ಕೂತವರು. ನಾನು ತಬ್ಬಿಬ್ಬಾದೆ. ಮುಂದಿನ ಕಾರ್ಡಿನಲ್ಲಿ ಗುಬ್ಬಿಯಂಥದು ಏನೋ ಇತ್ತು. 'ಅಕ್ಕಿ' ಎಂದೆ. ಮೂವರೂ ನಕ್ಕರು. ಕೆಟ್ಟ ನಗುವೇನಲ್ಲ, ತಡೆಯಲಾಗದೆ ಬಂದ ನಗು. ಆದರೂ ನನ್ನ ಕಿವಿ ಬಿಸಿಯಾಯಿತು. ಹೆಡ್‌ಮಿಸ್ಟ್ರೆಸ್ ಮಾತ್ರ ಬೇಗ ಸಾವರಿಸಿಕೊಂಡು, ಅಂಗೈಯನ್ನು ಬಾಯಿಯ ಮುಂದೆ ಹಿಡಿದು ತೋರಿಸಿದರು. 'ಹ ಅಂದ್ರೆ ಅಂಗೈಗೆ ಗಾಳಿ ತಾಕ್ಬೇಕು. ನಿಮ್ಮ ಉತ್ಸಾಹ ಚೆನ್ನಾಗಿದೆ. ಜೂನ್ ತನಕ ಟೈಮಿದೆ, ನಾಲಿಗೆ ತಿದ್ಕೊಂಡು ಬನ್ನಿ.' ಆಮೇಲೆ ಕೇಳಿದರು, 'ಈ ಕನ್ನಡ ಯಾರು ಹೇಳ್ಕೊಟ್ಟಿದ್ದು ನಿಮಗೆ?'

ನಾಲಿಗೆಯ ತುದಿಗೆ ಬಂದ ನಿಜವನ್ನು ನುಂಗಿದೆ. 'ಯಾರೂ ಇಲ್ಲ. ಅಲ್ಲಿ ಇಲ್ಲಿ ಕೇಳಿ ಕಲ್ತೆ' ಎಂದೆ.

ಮರುದಿನ ಬೆಳಿಗ್ಗೆ ಸೊಪ್ಪಿನಮ್ಮ ಸಿಂಬಿ ತೆಗೆದು ಕೂತು, 'ಏನಾಯ್ತವ್ವಾ?' ಎಂದು ಕಣ್ಣರಳಿಸಿ ಕೇಳಿದಳು. ನನಗೆ ಎಲ್ಲಿತ್ತೋ ಸಿಟ್ಟು. 'ಅಸು ಅಲ್ಲ, ಹಸು! ನಿನ್ ಕನ್ನಡ ತಪ್ಪು. ಇಷ್ಟು ದಿನ ತಪ್ಪೇ ಏಳ್ಕೊಟ್ಟೆ. ನಿನ್ನಿಂದ ನಂಗೆ ಮರ್ವಾದೆ ಓಯ್ತು' ಎಂದು ಕೂಗಾಡಿದೆ. ನೋಡಿ ನನ್ನ ಗ್ರಹಚಾರ, ಬೈಯುವಾಗಲೂ 'ಏಳ್ಕೊಟ್ಟೆ', 'ಓಯ್ತು' ಎಂದೇ ಬೈದೆ. ಬೈಯಲು ನನಗೆ ಬೇರೆ ಕನ್ನಡ ಬರುತ್ತಿರಲಿಲ್ಲ. ಗುರುವಿಗೇ ತಿರುಮಂತ್ರ ಎನ್ನುತ್ತಾರಲ್ಲ, ಅದೇ. ತಂಜಾವೂರಿನಿಂದ ಮೊನ್ನೆ ಮೊನ್ನೆ ಬಂದವಳು ನಾನು, ಹುಟ್ಟಿದ ಮೇಲೆ ಕನ್ನಡ ಬಿಟ್ಟು ಬೇರೆ ಮಾತಾಡದವಳಿಗೆ ನಿನ್ನ ಕನ್ನಡ ತಪ್ಪು ಎಂದೆ.

ಅವಳು 'ಅಂಗಾ?' ಎಂದಳು. ಆಮೇಲೆ, 'ನಮ್ಮೂರಾಗೆ ಎಲ್ರೂ ಇಂಗೇ ಅಂತೀವಿ ಕಣವ್ವ. ಅಸೂನೂ ತಿರುಗ್ ನೋಡ್ತದೆ' ಎಂದು ಸೊಪ್ಪು ಹಾಕಿ, ನೀರು ಕುಡಿಯದೆ ಎದ್ದು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಗಾದೆಯನ್ನೂ ಅವಳೇ ಹೇಳಿಕೊಟ್ಟಿದ್ದಳು.

ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಮರುದಿನ ಬಂದಳು. ಬಂದವಳೇ, 'ನಂಗೂ ಯೋಳ್ಕೊಡು' ಎಂದಳು. 'ನಾನ್ ಒತ್ತಾರೆ ಅಸು ಅಂದ್ರೆ ನಿನ್ ಬಾಯಾಗೂ ಅಸುವೇ ಬತ್ತದೆ. ಇಬ್ರೂ ಕಲಿಯಾಣ. ನಿಂಗ್ ಇಸ್ಕೂಲ್ ಸಿಗ್ಬೇಕಲ್ಲ.' ಆ ಮಾತಿಗೆ ನಾನು ಅತ್ತು ಅವಳ ಕಾಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ನಿಜವಾಗಿ ಹೇಳುತ್ತೇನೆ, ನನಗೆ ಅನುಕೂಲವಾಯಿತು ಎಂದಷ್ಟೇ ಅನ್ನಿಸಿತು.

ಹೀಗೆ ಮೆಟ್ಟಿಲ ಮೇಲೆ ಇಬ್ಬರೂ ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಂಡು ಹ ಹ ಎಂದು ಊದತೊಡಗಿದೆವು. ಮೇ ತಿಂಗಳು ಮುಗಿಯುವಷ್ಟರಲ್ಲಿ ನನ್ನ ನಾಲಿಗೆ ತಿರುಗಿತು. ಎಲ್ಲಿ ಹಕಾರ ಬೇಕು, ಎಲ್ಲಿ ಬೇಡ ಎನ್ನಲು ನನಗೆ ಪುಸ್ತಕವಿತ್ತು. ಅವಳಿಗೆ ಓದು ಬರುತ್ತಿರಲಿಲ್ಲ. ಒಂದನ್ನು ತಪ್ಪು ಎಂದರೆ ಎಲ್ಲವೂ ತಪ್ಪೇ ಇರಬೇಕು ಎಂದುಕೊಂಡಳೋ ಏನೋ, ಸಿಕ್ಕಿದಲ್ಲೆಲ್ಲ ಹಕಾರ ಹಾಕತೊಡಗಿದಳು. ಅಮ್ಮ ಹಮ್ಮ ಆಯಿತು, ಎಲೆಕೋಸು ಹೆಲೆಕೋಸಾಯಿತು. ಸಬ್ಬಸಿಗೆ ಕೊಡುತ್ತಾ 'ಹಕ್ಕಿ ರೊಟ್ಟಿಗೆ ಆಕು, ಚೆಂದಾಗಿರ್ತದೆ' ಎಂದಳು. ಬೇಕಾದಲ್ಲಿ ಇಲ್ಲ, ಬೇಡದಲ್ಲಿ ಇದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನಾನೂ ನಕ್ಕೆ. ಕೀರೆಯ ದಿನ ನಾವಿಬ್ಬರೂ ನಕ್ಕ ನಗುವಲ್ಲ ಅದು. ಆ ಮೂವರು ಹೆಂಗಸರು ನಕ್ಕ ನಗು.

ಬೀದಿಯಲ್ಲೂ ಅದೇ ಆಯಿತು. 'ಹೆಳೇ ಸೊಪ್ಪೋ...' ಎಂದು ಅವಳು ಕೂಗಿದರೆ ಕಾಂಪೌಂಡಿನ ಮೇಲಿಂದ ಮಕ್ಕಳು 'ಹಮ್ಮಾ, ಹೆಳೇ ಸೊಪ್ಪು' ಎಂದು ಅಣಕಿಸುತ್ತಿದ್ದವು. ದೊಡ್ಡವರು ಗದರಿಸುವ ನೆಪದಲ್ಲಿ ತಾವೂ ನಗುತ್ತಿದ್ದರು. ಒಂದು ದಿನ ಕೂಗು ಕೇಳಿಸಲಿಲ್ಲ. ಗೇಟಿನ ಚಿಲಕ ಅಲ್ಲಾಡಿಸಿದ ಸದ್ದಾಯಿತು. ಹೋಗಿ ನೋಡಿದರೆ ಸೊಪ್ಪಿನಮ್ಮ ನಿಂತಿದ್ದಳು. ಬುಟ್ಟಿ ಇಳಿಸಿ, ಕಟ್ಟುಗಳನ್ನು ಬೆರಳಿನಿಂದ ತೋರಿಸಿದಳು. ನಾನು ಬೇಕಾದ್ದನ್ನು ಆರಿಸಿಕೊಂಡೆ. 'ಒತ್ತಾರೆ ಎದ್ದೆ' ಎಂಬ ವರದಿ ಅವತ್ತು ಇರಲಿಲ್ಲ. ಆಮೇಲೂ ಇರಲಿಲ್ಲ...

ಜೂನಿನಲ್ಲಿ ನನಗೆ ಕೆಲಸ ಸಿಕ್ಕಿತು. ಹೇಳಿದಾಗ ಅವಳ ಮುಖ ಅರಳಿದ್ದು ನಿಜ. ಒಂದು ಕಟ್ಟು ಸಬ್ಬಸಿಗೆ ಹೆಚ್ಚಿಗೆ ಹಾಕಿ, ಅಂಗೈ ಬಾಯಿಯ ಮುಂದೆ ತಂದು, 'ಹೊಳ್ಳೇದಾಗ್ಲಿ' ಎಂದಳು. ನಾನು ತಿದ್ದಲಿಲ್ಲ. ತಿದ್ದಿದ್ದರೆ ತಪ್ಪು, ತಿದ್ದದಿದ್ದರೂ ತಪ್ಪು ಎನ್ನುವಂಥ ಜಾಗಕ್ಕೆ ನಾನೇ ಅವಳನ್ನು ತಂದು ನಿಲ್ಲಿಸಿದ್ದೆ. ಆಮೇಲೆ ಬೆಳಿಗ್ಗೆ ನಾನು ಶಿಶುವಿಹಾರದಲ್ಲಿ, ಅವಳು ನಮ್ಮ ಗೇಟಿನಲ್ಲಿ. ಭೇಟಿ ತಪ್ಪಿತು. ಎಂಬತ್ತರ ನಂತರ ಪುಟ್ಟೇನಹಳ್ಳಿಯ ಸುತ್ತಲಿನ ಜಮೀನುಗಳು ಒಂದೊಂದಾಗಿ ಲೇಔಟಿಗೆ ಹೋದವು. ಸೊಪ್ಪು ಬರುವುದು ನಿಂತಿತು. ಅತ್ತೆ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಿಂದ ತರಿಸತೊಡಗಿದರು.

ಮತ್ತೆ ಅವಳನ್ನು ನೋಡಿದ್ದು ಎಂಬತ್ತೇಳರಲ್ಲಿ. ಜೊತೆಯ ಟೀಚರೊಬ್ಬರು ಪುಟ್ಟೇನಹಳ್ಳಿ ಕಡೆ ಮನೆ ಕಟ್ಟಿಸಿದ್ದರು. ಅವರ ಗೃಹಪ್ರವೇಶಕ್ಕೆ ಹೋದವಳು, ಊಟ ಮುಗಿಸಿಕೊಂಡು, ಅಂಗಡಿಯೊಂದರಲ್ಲಿ ಸೊಪ್ಪಿನಮ್ಮನ ಮನೆ ಯಾವುದು ಎಂದು ಕೇಳಿದೆ. ಎರಡಂತಸ್ತಿನ ಹೊಸ ಮನೆ ತೋರಿಸಿದರು. ಮೇಲೆಲ್ಲ ಬಾಡಿಗೆದಾರರು. ಹಿತ್ತಲಿನಲ್ಲಿ ಇನ್ನೂ ಒಂದು ಹಸು ಉಳಿಸಿಕೊಂಡಿದ್ದರು. ಗೇಟಿನ ಹತ್ತಿರ ಹೋಗುವಾಗಲೇ ಆ ಗಂಟಲು ಕೇಳಿಸಿತು. 'ಲೇ, ಅಸೀಗೆ ಉಲ್ಲಾಕ್ರೋ! ಆಲ್ ಕರೆಯೋ ಒತ್ತಾಯ್ತು!' ಒಂಬತ್ತು ವರ್ಷದ ಮೇಲೆ ಕೇಳಿದ ಆ ದನಿಗೆ ನನ್ನ ಕಣ್ಣು ತುಂಬಿತು. ಸದ್ಯ, ಏನೂ ಹಾಳಾಗಿಲ್ಲ ಎಂದುಕೊಂಡೆ.

ಒಳಗೆ ಹೋದೆ. ಜಗಲಿಯ ಮೇಲೆ ಕೂತಿದ್ದವಳು ನನ್ನನ್ನು ಗುರುತು ಹಿಡಿದು ತಟಕ್ಕನೆ ಎದ್ದಳು. ಸೆರಗು ಸರಿ ಮಾಡಿಕೊಂಡಳು. 'ಬನ್ನಿ. ಕೂತ್ಕೊಳ್ಳಿ' ಎಂದಳು. ಮಾವನವರಿಗೂ ದೇವರಿಗೂ ಹಾಕದ ಬಹುವಚನ ನನಗೆ. ಆಮೇಲೆ ಅಂಗೈಯನ್ನು ಬಾಯಿಯ ಹತ್ತಿರ ತಂದಳು. 'ಹಾಲು ಕುಡೀತೀರಾ?' ಹಕಾರ ಎಲ್ಲಿರಬೇಕೋ ಅಲ್ಲೇ ಇತ್ತು, ಒಂದಿಷ್ಟೂ ತಪ್ಪಿರಲಿಲ್ಲ.

ನಾನು ಅವಳ ಪಕ್ಕದಲ್ಲಿ ಜಗಲಿಯ ಮೇಲೆ ಕೂತೆ. ಹೇಗಾದರೂ ಹಿಂದಕ್ಕೆ ಹೋಗಬೇಕು ಎನ್ನಿಸಿ, ಅವಳು ಕೊಟ್ಟ ನಾಲಿಗೆಯಲ್ಲೇ, 'ಎಂಗಿದ್ದೀಯವ್ವಾ? ಒಂದ್ ಲೋಟ ಆಲ್ ಕೊಡು ಮತ್ತೆ' ಎಂದೆ.

ಅವಳ ಮುಖ ಸಣ್ಣದಾಯಿತು. ಬಾಗಿಲಲ್ಲಿ ನಿಂತಿದ್ದ ತನ್ನ ಸೊಸೆಯ ಕಡೆ ತಿರುಗಿ, ನಕ್ಕ ಹಾಗೆ ಮಾಡಿ, 'ಮೇಡಂ ನಮ್ ತರ ಮಾತಾಡಿ ತೋರಿಸ್ತಾರೆ. ಮೊದ್ಲಿಂದ್ಲೂ ತಮಾಷೆ ಅವ್ರದ್ದು' ಎಂದಳು.

ತಮಾಷೆ ಅಲ್ಲ ಎಂದೆ. ಎರಡು ಸಲ ಹೇಳಿದೆ. ಅವಳು 'ಇರ್ಲಿ ಬಿಡಿ' ಎಂದಳು. ಶಾಲೆಯ ಕನ್ನಡದಲ್ಲಿ ಹೇಳಿದರೆ ಮೇಡಂ ಹೇಳಿದಂತಾಗುತ್ತಿತ್ತು, ಅವಳ ಕನ್ನಡದಲ್ಲಿ ಹೇಳಿದರೆ ಅಣಕಿಸಿದಂತಾಗುತ್ತಿತ್ತು. ಕ್ಷಮಿಸು ಎನ್ನುವುದಕ್ಕೆ ನನ್ನ ಹತ್ತಿರ ಮೂರನೆಯ ಕನ್ನಡ ಇರಲಿಲ್ಲ. ಹಾಲು ಕುಡಿದು, ಕುಂಕುಮ ಇಡಿಸಿಕೊಂಡು ಬಂದೆ. ಇನ್ನೊಂದು ಸಲ ಹೋಗಬೇಕು ಎಂದುಕೊಳ್ಳುತ್ತಲೇ ವರ್ಷಗಳು ಹೋದವು. ಅವಳು ತೀರಿಕೊಂಡ ಸುದ್ದಿ ನನಗೆ ಮುಟ್ಟಿದಾಗ ತಿಥಿಯೂ ಮುಗಿದಿತ್ತು.

ಮೊನ್ನೆ ಸಬ್ಬಸಿಗೆಯ ಕವರು ಹಿಡಿದು ಹಾಗೇ ನಿಂತಿದ್ದೆನಲ್ಲ, ಎರಡನೇ ಕ್ಲಾಸಿನ ಮೊಮ್ಮಗಳು ಬಂದು ಮೂಗು ಹಿಡಿದುಕೊಂಡಳು. 'ಅಜ್ಜೀ, ಏನಿದು ಸ್ಮೆಲ್ಲು?' ಸೊಪ್ಪಿನ ಒಂದು ಎಸಳು ಅವಳ ಮುಂದೆ ಹಿಡಿದು, 'ಸಬ್ಸಿಗೆ' ಎಂದೆ. 'ಸಬ್‌ಸಿಗಿ' ಎಂದಳು. 'ಊಂ, ಸಬ್ಸಿಗೆ' ಎಂದು ಅವಳ ಕೈಗೆ ಕೊಟ್ಟೆ. ಮಗು ಮೂಸಿ ನೋಡಿ, ಮುಖ ಕಿವುಚಿ, 'ನಿಂಗೆ ಇದೆಲ್ಲ ಯಾರು ಹೇಳ್ಕೊಟ್ಟಿದ್ದು?' ಎಂದು ಕೇಳಿತು. ಅದೇ ಪ್ರಶ್ನೆ. ಮೂವರು ಹೆಂಗಸರ ಮುಂದೆ ನಾನು ಸುಳ್ಳು ಹೇಳಿದ ಪ್ರಶ್ನೆ.

'ಪುಟ್ಟೇನಹಳ್ಳಿ ಸೊಪ್ಪಿನಮ್ಮ ಏಳ್ಕೊಟ್ಲು' ಎಂದೆ.

'ಏಳ್ಕೊಟ್ಲು ಅಲ್ಲ ಅಜ್ಜೀ, ಹೇಳ್ಕೊಟ್ಲು. ತಪ್ಪು. ನಮ್ ಮಿಸ್ ಬೈತಾರೆ' ಎಂದಿತು ಮಗು.

'ಅಂಗಾ?' ಎಂದೆ.